ಮಣೆ ಏರಿದ ಮೊಬೈಲು

ಊರಿಗೆಲ್ಲ ಪಾಠ ಹೇಳುವವರು ತಮ್ಮ ಮನೆಯ ಬಲ್ಬು ಬದಲಾಯಿಸಲು ಹೆದರುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠವನ್ನು ಕಣ್ಣು ಮುಚ್ಚಿಕೊಂಡು ಮಾಡಬಲ್ಲೆ; ಕಣ್ಣು ಬಿಟ್ಟುಕೊಂಡು ಪ್ಲಗ್ಗು ಮುಟ್ಟಲಾರೆ. ಮೊಬೈಲು ನಮ್ಮಂಥವರ ಕೈಗೂ ಬಂದ ಹೊಸದು. ಮಲಗುವ ಕೋಣೆಯ ಒಂದೇ ಪ್ಲಗ್ಗಿನಿಂದ ಚಾರ್ಜರಿನ ವೈರು ಮಂಚದ ಮೇಲೆ ಹಾದು ನನ್ನ ದಿಂಬಿನ ಕೆಳಗೆ ಸೇರುತ್ತಿತ್ತು. ಒಂದು ದಿನ ಎರಡು ವರ್ಷದ ಮಗಳು ಅದರ ತುದಿಯನ್ನು ಬಾಯಿಗಿಟ್ಟು ಚೀಪುತ್ತಿದ್ದಳು. ಹೆಂಡತಿ ಪದ್ಮ ಕೂಗಾಡಲಿಲ್ಲ. ಬ್ಯಾಗು ತುಂಬಿದಳು. "ವೈರು ಮಂಚ ಬಿಟ್ಟ ದಿನ ಫೋನ್ ಮಾಡಿ, ಬರ್ತೀವಿ" ಎಂದು ಮಗುವನ್ನು ಎತ್ತಿಕೊಂಡು ಚನ್ನರಾಯಪಟ್ಟಣದ ತವರಿಗೆ ಬಸ್ಸು ಹತ್ತಿದಳು.

ಎಲೆಕ್ಟ್ರಿಷಿಯನ್ ಮಂಜ ನಮ್ಮ ಬೀದಿಯವನೇ. ಆದರೆ ಅವನು ನನ್ನ ಹಳೆಯ ವಿದ್ಯಾರ್ಥಿ, ವಿಜ್ಞಾನದಲ್ಲಿ ಅವನನ್ನು ಫೇಲ್ ಮಾಡಿದವನು ನಾನು. ಅವನನ್ನು ಕರೆಯಲು ಮರ್ಯಾದೆ ಅಡ್ಡ ಬಂತು. ಮೂರು ದಿನ ನಾನೇ ಮಾಡಿದ ಉಪ್ಪಿಟ್ಟು ತಿಂದ ಮೇಲೆ ಧೈರ್ಯ ತಾನಾಗಿ ಹುಟ್ಟಿತು. ಅಟ್ಟದಲ್ಲಿ ಹಳೇ ಬಟ್ಟೆ ಸುತ್ತಿದ್ದ ಒಳ್ಳೆಯ ಹಲಸಿನ ಹಲಗೆಯೊಂದು ಸಿಕ್ಕಿತು. ಮಂಚದ ಪಕ್ಕ, ಮಗುವಿನ ಕೈಗೆ ಸಿಗದ ಎತ್ತರಕ್ಕೆ ಗೋಡೆಗೆ ಬಡಿದೆ. ವೈರು ನೀಟಾಗಿ ಇಳಿಯಲಿ ಎಂದು ಕಂಬಿ ಕಾಯಿಸಿ ಎರಡು ತೂತು ಕೊರೆದೆ. ಹಲಗೆಯ ಪಕ್ಕದಲ್ಲೇ ಹೊಸ ಪ್ಲಗ್ಗೊಂದನ್ನೂ ಕೂರಿಸಿದೆ; ಅದರಲ್ಲಿ ಹಸಿರು ವೈರೊಂದು ಹೆಚ್ಚಾಯಿತು, ಕತ್ತರಿಸಿ ಬಿಸಾಕಿದೆ. ಫೋನು ಹಲಗೆಯ ಮೇಲೆ ರಾಜನ ಹಾಗೆ ಮಲಗಿತು. ಕೂಡಲೇ ಪದ್ಮಳಿಗೆ ಫೋನ್ ಮಾಡಿದೆ.

ಭಾನುವಾರ ಬಂದಳು. ಮಂಚ ನೋಡಿ ನಕ್ಕಳು. ಆಮೇಲೆ ಹಲಗೆ ನೋಡಿದಳು.

"ಇದೆಲ್ಲಿ ಸಿಕ್ತು ನಿಮಗೆ?"

"ಅಟ್ಟದಲ್ಲಿ ಬಿದ್ದಿತ್ತು."

"ಬಿದ್ದಿರ್ಲಿಲ್ಲ, ಇಟ್ಟಿದ್ದೆ. ನಮ್ಮ ಹಸೆಮಣೆ ಅದು. ಜೋಡೀಲಿ ನಾನು ಕೂತಿದ್ದು."

ಮದುವೆಗೆಂದು ಮಾವನವರು ಅರಕಲಗೂಡಿನಲ್ಲಿ ಮಾಡಿಸಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದ ಜೋಡಿ. ಧಾರೆಯ ದಿನ ನಾನು ಹುಡುಗಿಯನ್ನು ನೋಡಿದ್ದೆನೇ ಹೊರತು ಮಣೆಯನ್ನಲ್ಲ. ಪದ್ಮ ಆ ತೂತುಗಳ ಮೇಲೆ ಬೆರಳಾಡಿಸಿದಳು, ಕಣ್ಣು ತುಂಬಿತು. ಬಿಗಿದು ಕೂತ ಮಣೆಯನ್ನು ಸೀಳದೆ ಬಿಡಿಸುವುದು ನನ್ನಿಂದಾಗದ ಕೆಲಸ. ಮರ್ಯಾದೆಯನ್ನು ಮಡಚಿಟ್ಟು ಮಂಜನನ್ನು ಕರೆತಂದೆ.

ಮಣೆಯನ್ನು ಹೂವಿನ ಹಾಗೆ ಇಳಿಸಿ ಪದ್ಮಳ ಕೈಗಿಟ್ಟ ಅವನು ನನ್ನ ಪ್ಲಗ್ಗು ಬಿಚ್ಚಿದ.

"ಅಸ್ರು ವೈರ್ ಎಲ್ಲೋಯ್ತು ಸಾ?"

"ಹೆಚ್ಚಾಗಿತ್ತು ಕಣಯ್ಯ."

"ಅದು ಅರ್ತಿಂಗು ಸಾ, ಕರೆಂಟ್ನ ನೆಲಕ್ಕೆ ಇಳ್ಸೋದು. ಬರೆಯೋದ್ ಮರ್ತೆ ಅಂತ ನಂಗೆ ಎರಡು ಮಾರ್ಕ್ಸ್ ಕಟ್ ಮಾಡ್ಬುಟ್ರಲ್ಲ, ಗ್ಯಾಪ್ಕ ಐತಾ?"

ಇತ್ತು. ಇಲ್ಲವೆಂದೆ. ಅವನು ಗಂಟೆಯೊಳಗೆ ಮುಚ್ಚಳವಿರುವ ಪುಟ್ಟ ಪೆಟ್ಟಿಗೆ ಕೂರಿಸಿ, ವೈರುಗಳನ್ನೆಲ್ಲ ಒಳಗಡಗಿಸಿ ಹೋದ. ಮಗು ಅಂದು ಮಂಚದ ಮೇಲೆ ಮಲಗಿತು.

ಮುಂದಿನ ತಿಂಗಳ ಸತ್ಯನಾರಾಯಣ ಪೂಜೆಗೆ ಪದ್ಮ ಎರಡೂ ಮಣೆ ಹಾಕಿದಳು. ತೂತಿನದು ನನ್ನ ಕಡೆ ಇತ್ತು.

"ಅದು ನಿನ್ನದಲ್ವಾ?" ಎಂದೆ ಮೆಲ್ಲಗೆ.

"ಮಣೆ ನಂದು. ತೂತು ನಿಮ್ಮದು. ಕೂತ್ಕೊಳ್ಳಿ."

ಕಥೆಯ ಐದು ಅಧ್ಯಾಯ ಮುಗಿಯುವವರೆಗೂ ಅದರ ಮೇಲೆ ಕದಲದೆ ಕೂತಿದ್ದೆ. ವಿಜ್ಞಾನದ ಮೇಷ್ಟರಿಗೆ ಅರ್ತಿಂಗ್ ಆದದ್ದು ಅಂದೇ.