ಯಾರೂ ಬಿಚ್ಚದ ಎಂಜಿನ್ನು

ಅಡುಗೆಮನೆಯ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ದರ್ಜಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕಾರ್ಬ್ಯುರೇಟರು ತಿಕ್ಕುತ್ತಿದ್ದ. ಹೆಂಡತಿ ಏಳುವಷ್ಟರಲ್ಲಿ ಅವಳ ಹಿಟ್ಟು ಕಲಸುವ ಬೋಗುಣಿಯಿಂದ ಪೆಟ್ರೋಲು ಖಾಲಿಯಾಗಬೇಕಿತ್ತು. ಹಾಗಾಗಿ ಉಸಿರನ್ನೂ ಚೂರು ಚೂರಾಗಿ ಬಿಡುತ್ತಿದ್ದ.

ಅಂದು ಸಂಜೆ ಐದಕ್ಕೆ ಕೆರೆಯಲ್ಲಿ ಮೋಟಾರು ದೋಣಿಗಳ ಪಂದ್ಯ. ಆರು ವರ್ಷದಿಂದ ದರ್ಜಿ ಅದಕ್ಕೆ ಇಳಿಯುತ್ತಿದ್ದ. ಆರು ವರ್ಷವೂ ನಡುನೀರಿನಲ್ಲಿ ಎಂಜಿನ್ನು ಕೈಕೊಟ್ಟು, ಹೆಂಡತಿಯ ಅಣ್ಣ ಹಗ್ಗ ಎಸೆದು ಅವನನ್ನು ತಪ್ಪಿಸಿಕೊಂಡ ಎಮ್ಮೆಯ ಹಾಗೆ ದಡಕ್ಕೆ ಎಳೆದು ತಂದಿದ್ದ. ಪ್ರತಿ ಸಲ ಗೆಲ್ಲುವವನೂ ಸೈಕಲ್ ಅಂಗಡಿಯ ಆ ಭಾವನೇ. ಗೆದ್ದ ಕತೆಯನ್ನೂ ಎಳೆದ ಕತೆಯನ್ನೂ ವರ್ಷವಿಡೀ ಊಟದ ಜೊತೆ ಬಡಿಸುತ್ತಿದ್ದ. ಈ ಸಲ ದರ್ಜಿಗೆ ಗೆಲುವು ಬೇಡ. ಹಗ್ಗವಿಲ್ಲದೆ ಮೂರು ಸುತ್ತು ಮುಗಿಸಿದರೆ ಸಾಕಿತ್ತು.

ಪಟ್ಟೆಂದಿತು. ಬೆಂಡು ಎರಡು ಹೋಳಾಯಿತು.

ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿ ತೇಲುತ್ತಾ, ಪೆಟ್ರೋಲು ಉಕ್ಕಿ ಹರಿಯದಂತೆ ಕಾಯುವ ಬೆಂಡು ಅದು. ನೋಡಲು ಬಿಸ್ಕತ್ತಿನಷ್ಟು. ಆದರೆ ಆ ಮಾದರಿಯ ಎಂಜಿನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ದೋಣಿ ಕ್ಲಬ್ಬಿನ ನಿಯಮಕ್ಕೆ ಮಾತ್ರ ಮುಪ್ಪು ಬಂದಿರಲಿಲ್ಲ: ಎಂಜಿನ್ನು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು, ಬದಲಿ ಭಾಗವೂ ಅದೇ ಕಾರ್ಖಾನೆಯದಾಗಿರಬೇಕು. ನಾಲ್ಕಕ್ಕೆ ಕ್ಲಬ್ಬಿನ ಅಳತೆ ಮೇಷ್ಟ್ರ ತಪಾಸಣೆ.

"ರೀ, ನನ್ನ ಬೋಗುಣಿ ಯಾಕೆ ಪೆಟ್ರೋಲ್ ಬಂಕಿನ ಥರ ನಾರ್ತಿದೆ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಬೆಂಡು ಹೋಯ್ತು ಕಣೇ."

"ಅಷ್ಟೇ ತಾನೇ? ಅಣ್ಣನ್ನ ಕೇಳಿ. ಅವನ ಹತ್ರ ಇರುತ್ತೆ."

"ನಿಮ್ಮಣ್ಣನ್ನ ಕೇಳೋದಕ್ಕಿಂತ ಆ ಬಟ್ಟಲಲ್ಲಿ ನಾನೇ ಕೂತ್ಕೊಂಡು ತೇಲ್ತೀನಿ!"

ಗೋಡೆಯಾಚೆಯಿಂದ ಪಕ್ಕದ ಮನೆಯ ಬಡಗಿ ಕತ್ತು ಉದ್ದ ಮಾಡಿದ. ದರ್ಜಿಯ ಮನೆಯಲ್ಲಿ ಚಮಚ ಬಿದ್ದರೂ ಅವನಿಗೆ ಕೇಳುತ್ತಿತ್ತು. "ಬೆಂಡಾ? ನಾಲ್ಕು ಬಾಟಲಿ ಬಿರಡೆ ತಂದ್ಕೊಡ್ತೀನಿ. ಹೊಲಿಯೋದು ನಿಮ್ಮ ಕೆಲಸ."

ದರ್ಜಿ ಹೊಲಿದ. ಅಂಚಿಗೆ ಜೋಡಿ ಹೊಲಿಗೆ ಹಾಕಿದ, ಅಭ್ಯಾಸಬಲದಿಂದ ಒಂದು ಕಾಜವನ್ನೂ ಮಾಡಿದ. ಅಷ್ಟರಲ್ಲಿ ಭಾವ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಏನ್ ಅಳಿಯಂದ್ರೇ, ಇಲಿಗೆ ಅಂಗಿ ಹೊಲಿದ್ರಾ? ಇದನ್ನ ಅಳತೆ ಮೇಷ್ಟ್ರು ಒಪ್ಪೋದುಂಟಾ? ಚಿಂತೆ ಬಿಡಿ, ನಾನು ಹಗ್ಗ ತೊಳೆದಿಟ್ಟಿದೀನಿ."

ದರ್ಜಿಯ ಕಿವಿ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿಯಾಯಿತು. ಸೈಕಲ್ಲು ಹತ್ತಿ ನೇರ ಗುಜರಿ ಅಂಗಡಿಗೆ ಹೋದ.

"ಆ ಮಾದರಿದಾ? ನನ್ನ ಹತ್ರ ಇದ್ದಿದ್ದನ್ನೆಲ್ಲ ಹೋದ ವಾರ ನಿಮ್ಮ ಭಾವನೇ ಹೊತ್ಕೊಂಡು ಹೋದ್ರಲ್ಲ," ಎಂದ ಗುಜರಿಯವನು. "ಇನ್ನು ಇರೋದು ಒಂದೇ. ನರ್ಸಮ್ಮನ ಹಿತ್ತಲಲ್ಲಿ."

ನರ್ಸಮ್ಮ ನಿವೃತ್ತಿಯಾಗುವುದರೊಳಗೆ ಅರ್ಧ ಊರಿನ ಹೆರಿಗೆ ಮಾಡಿಸಿದ್ದಳು. ಅವಳ ಹಿತ್ತಲ ಗೋಡೆಗೆ ಎಂಜಿನ್ನು ಬಿಗಿದಿತ್ತು. ಮೇಲೆ ಮಳೆಕೋಟು ಹೊದೆಸಿತ್ತು. ಅದರ ಕುತ್ತಿಗೆಗೆ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಕಟ್ಟಿತ್ತು.

"ನಮ್ಮೆಜಮಾನ್ರು ತಂದಿದ್ದು," ಎಂದಳು ನರ್ಸಮ್ಮ. "ತಂದ ದಿನಾನೇ ದೋಣಿ ಹತ್ತಿದ್ರೆ ತಲೆ ತಿರುಗುತ್ತೆ ಅಂತ ಗೊತ್ತಾಯ್ತು. ನೀರೇ ಮುಟ್ಟಿಲ್ಲ ಅದು."

"ಅಮ್ಮಾ, ಒಳಗಿನ ಒಂದು ಬೆಂಡು ಮಾತ್ರ..."

"ಕಿತ್ಕೊಂಡು ಹೋಗೋದಾದ್ರೆ ಪೂರ್ತಿ ತಗೊಂಡ್ಹೋಗು. ಹೊಟ್ಟೆ ಕೊಯ್ದು ಹಾಗೇ ಬಿಟ್ಟು ಹೋಗೋ ಪೈಕಿ ನಾನಲ್ಲ. ಆದ್ರೆ ಬಟ್ಟೆ ಒಣಗೋವರೆಗೂ ಹಗ್ಗ ಯಾರು ಹಿಡ್ಕೋತಾರೆ?"

ಹಿಡಿದುಕೊಂಡವನು ದರ್ಜಿ. ಎರಡು ಗಂಟೆ, ಒಂಬತ್ತು ಲಂಗ, ನಾಲ್ಕು ದಿಂಬಿನ ಚೀಲ, ಒಂದು ಹೊದಿಕೆ. ಗಾಳಿ ಬೀಸಿದಾಗಲೆಲ್ಲ ಲಂಗವೊಂದು ಅವನ ಮುಖಕ್ಕೆ ಹೊಡೆಯುತ್ತಿತ್ತು.

"ಕೈ ಇಳಿಸಬೇಡ್ವೋ!" ನರ್ಸಮ್ಮ ಕಿಟಕಿಯಿಂದ ಗದರಿಸಿದಳು. "ಹುಟ್ಟಿದಾಗ ನಿನ್ನ ತಲೆಕೆಳಗಾಗಿ ಹಿಡಿದಿದ್ದೆ ನಾನು, ಆಗ ಕೈ ನೋವು ಅಂದೆನಾ?"

ಮೂರೂಮುಕ್ಕಾಲಿಗೆ ದರ್ಜಿ ಎಂಜಿನ್ನನ್ನು ಮಗುವಿನ ಹಾಗೆ ಸೈಕಲ್ಲಿನ ಹಿಂದೆ ಕೂರಿಸಿ ಕ್ಲಬ್ಬಿಗೆ ತಂದ. ಪೆಟ್ರೋಲು ಹಾಕಿ, ನೀರಿನ ಪೀಪಾಯಿಗೆ ಇಳಿಬಿಟ್ಟು ಚಾಲೂ ಮಾಡುವ ಹಗ್ಗ ಎಳೆದ. ಎರಡು ಸಲ ಕೆಮ್ಮಿ ಮೂರನೆಯ ಸಲ ಎಂಜಿನ್ನು ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ದರ್ಜಿಯ ಕಣ್ಣಲ್ಲಿ ನೀರು ಬಂತು. ಭಾವನ ನಗೆ ಅರ್ಧಕ್ಕೇ ನಿಂತಿತು.

ಅಳತೆ ಮೇಷ್ಟ್ರು ಜೇಬಿನಿಂದ ವರ್ನಿಯರ್ ತೆಗೆದರು. ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಮಗಳ ಮದುವೆಯ ಫೋಟೋದಲ್ಲೂ ಜೇಬಿನಿಂದ ಅದರ ತುದಿ ಕಾಣುತ್ತಿತ್ತು. ಆದರೆ ನಿಯಮದ ಪುಸ್ತಕದಲ್ಲಿ ಅಳತೆಗಳಿದ್ದ ಪುಟವನ್ನು ಎಂದೋ ಹುಳ ತಿಂದಿತ್ತು. ಅಂದಿನಿಂದ ಅವರು ಎಲ್ಲವನ್ನೂ ಅಳೆದು, ಯಾವುದಕ್ಕೆ ಹೋಲಿಸುವುದೆಂದು ತಿಳಿಯದೆ, ಬಟ್ಟಲು ಬಿಚ್ಚಿ ಬೆಂಡು ನೋಡಿ ರುಜು ಹಾಕುತ್ತಿದ್ದರು.

ದರ್ಜಿಯ ಎಂಜಿನ್ನಿನ ಮುಂದೆ ಅವರು ಮಂಡಿಯೂರಿದರು. "ತಿರುಪಿನ ಮೇಲೆ ಕಾರ್ಖಾನೆಯ ಕೆಂಪು ಬಣ್ಣ ಹಾಗೇ ಇದೆ! ಇದನ್ನ ಯಾರೂ ಬಿಚ್ಚೇ ಇಲ್ಲ! ಅಯ್ಯೋ, ಇಷ್ಟು ವರ್ಷ ಎಲ್ಲಿತ್ತು?"

"ಲಂಗ ಒಣಗಿಸ್ತಿತ್ತು ಸಾರ್."

ಕಾರ್ಬ್ಯುರೇಟರಿನ ಬಾಯಿ ಅಳೆದರು, ನೀರು ತಳ್ಳುವ ತಳದ ರೆಕ್ಕೆಯನ್ನು ಅಳೆದರು, ಬರೆದುಕೊಂಡರು. ಆಮೇಲೆ ಎದ್ದು ಉಳಿದ ಏಳು ಎಂಜಿನ್ನುಗಳ ಕಡೆ ನಡೆದರು. ಏಳೂ ಮುಖಗಳು ಬಾಡಿದವು. ಒಬ್ಬನ ರೆಕ್ಕೆ ಉಜ್ಜಿ ಉಜ್ಜಿ ತೆಳುವಾಗಿತ್ತು, ಇನ್ನೊಬ್ಬನದು ಬೇರೆ ಯಂತ್ರದ್ದೇ. ಭಾವನ ಸರದಿ ಬಂದಾಗ ಮೇಷ್ಟ್ರು ಕಾರ್ಬ್ಯುರೇಟರಿನ ಬಾಯಿ ನೋಡಿ ಕನ್ನಡಕ ಒರೆಸಿಕೊಂಡರು.

"ಏನ್ರೀ ಇದು? ಕಿಟಕಿ ಇರಬೇಕಾದ ಕಡೆ ಹೆಬ್ಬಾಗಿಲು ಮಾಡಿದೀರಿ!"

"ಸವೆದಿದೆ ಮೇಷ್ಟ್ರೇ, ವಯಸ್ಸಾಯ್ತಲ್ಲ."

"ಅರದಲ್ಲಿ ಸವೆದಿದೆ! ಏಳೂ ತಿರಸ್ಕಾರ!"

ದರ್ಜಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರು ಸುತ್ತಲ್ಲ, ಮೂವತ್ತು ಸುತ್ತು ಹೊಡೆಯಬಲ್ಲೆನೆನಿಸಿತು. ಹೆಂಡತಿಯೂ ದಡದ ಕಟ್ಟೆಯ ಮೇಲೆ ನಿಂತು ಮೊದಲ ಸಲ ಅವನ ಕಡೆ ಕೈ ಬೀಸಿದಳು.

ಆಗ ಭಾವ ಗಂಟಲು ಸರಿಮಾಡಿಕೊಂಡ. "ಮೇಷ್ಟ್ರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾವೆಲ್ಲ ತಿದ್ದಿಕೋಬೇಕು. ಆದ್ರೆ ತಿದ್ದಿಕೊಳ್ಳೋಕೆ ಒಂದು ಮಾದರಿ ಬೇಕಲ್ಲ? ದೇವರು ಕಳಿಸಿದ ಹಾಗೆ ಬಂದಿದೆ. ಇದನ್ನ ನೀರಿಗಿಳಿಸಿದ್ರೆ ಸವೆಯೋದಿಲ್ವಾ? ನಮ್ಮ ಅಳಿಯಂದ್ರು ದೊಡ್ಡ ಮನಸ್ಸು ಮಾಡಿ ಕ್ಲಬ್ಬಿಗೆ ಕೊಟ್ಟಿದಾರೆ ಅಂತ ಬರ್ಕೊಳ್ಳಿ!"

ಏಳೂ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದರೆ ದರ್ಜಿಗೆ ನಾಲಿಗೆ ಒಳಗೆ ಸೇರುತ್ತಿತ್ತು. ಅದು ಹೊರಗೆ ಬರುವಷ್ಟರಲ್ಲಿ ಮೇಷ್ಟ್ರು ಬರೆದು ಮುಗಿಸಿದ್ದರು. ನಾಲ್ವರು ಎಂಜಿನ್ನನ್ನು ಎತ್ತಿ ಕಚೇರಿಯ ಗಾಜಿನ ಬೀರುವಿನಲ್ಲಿಟ್ಟರು. ದೋಣಿಗಳಿಲ್ಲದೆ ಪಂದ್ಯ ಹೇಗೆ ಎಂದು ಉಳಿದವರಿಗೆ ಈ ಒಂದು ಸಲ ವಿನಾಯಿತಿಯೂ ಸಿಕ್ಕಿತು.

"ಸಾರ್, ನಾನು?"

"ನಿಮ್ಮ ಎಂಜಿನ್ನೇ ಈಗ ನಿಯಮ ಕಣ್ರೀ," ಮೇಷ್ಟ್ರು ಬೀರುವಿಗೆ ಬೀಗ ಹಾಕುತ್ತಾ ಅಭಿಮಾನದಿಂದ ಹೇಳಿದರು. "ನಿಯಮ ಎಲ್ಲಾದ್ರೂ ಪಂದ್ಯದಲ್ಲಿ ಓಡುತ್ತಾ?"

"ಅದರ ಬೆಂಡಾದ್ರೂ ತಗೋತೀನಿ. ನನ್ನ ಹಳೇದಕ್ಕೆ..."

"ಬಿಚ್ಚಿದ್ರೆ ಅದು ಮಾದರಿ ಹೇಗಾಗುತ್ತೆ?"

ಐದು ಗಂಟೆಗೆ ಸೀಟಿ ಮೊಳಗಿತು. ಏಳೂ ದೋಣಿಗಳು ಕೆರೆಯನ್ನು ಸೀಳಿಕೊಂಡು ಹೊರಟವು; ಎಲ್ಲಕ್ಕಿಂತ ಮುಂದೆ ಹೆಬ್ಬಾಗಿಲಿನ ಎಂಜಿನ್ನು. ಕಚೇರಿಯಲ್ಲಿದ್ದವರೆಲ್ಲ ನೋಡಲು ದಡಕ್ಕೆ ಓಡಿದರು. ಮೇಷ್ಟ್ರು ಬಾಗಿಲ ಹೊರಗೆ, ಇತ್ತ ಬೆನ್ನು ಮಾಡಿ ನಿಂತಿದ್ದರು. ದರ್ಜಿ ಒಳಗೆ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ.

"ಮೇಷ್ಟ್ರೇ, ಒಂದೇ ಒಂದು ಸುತ್ತು ಹೊಡೆದು ತಂದಿಡ್ತೀನಿ," ಎಂದ. "ಬೀಗದಕೈ ಕೊಡಿ."