ಹದಿನಾಲ್ಕು ಹನಿ ಗ್ರೀಸು

ಹನ್ನೆರಡು ವರ್ಷದ ಹಿಂದೆ ಹೆರಿಗೆ ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕ ನಿಂತು, ಎರಡು ಗಂಟೆ ವಯಸ್ಸಿನ ಮಗಳನ್ನು ಭೂಪಟದ ಸುರುಳಿಯ ಹಾಗೆ ಕಂಕುಳಲ್ಲಿ ಅವುಚಿಕೊಂಡು, ಭೂಗೋಳದ ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು.

“ಇದೇ ಕೊನೆ ಕಣೇ. ಇನ್ನು ಮೇಲೆ ನಿನ್ನನ್ನಾಗ್ಲಿ ಇವಳನ್ನಾಗ್ಲಿ ಆ ಮನುಷ್ಯನ ಕಾರು ಹತ್ತಿಸಲ್ಲ.”

ಆ ಮನುಷ್ಯ ಅಂದರೆ ಎದುರು ಮನೆಯವರು. ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು, ಕಟ್ಟಡದ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾದವರು. ಹೆರಿಗೆ ನೋವು ಬಂದಾಗ ತಮ್ಮ ಕಾರಿನಲ್ಲಿ ಕರೆತಂದದ್ದು ಅವರೇ. ಉಪಕಾರವೇ, ಇಲ್ಲವೆಂದವರು ಯಾರು? ಆದರೆ ಮೇಷ್ಟ್ರು ಮಾತು ಕೊಡುತ್ತಿದ್ದ ಹೊತ್ತಿಗೇ ಹೊರಗೆ ನರ್ಸುಗಳನ್ನೆಲ್ಲ ಗುಡ್ಡೆಹಾಕಿಕೊಂಡು, “ಹನ್ನೊಂದು ನಿಮಿಷ ನಲವತ್ತು ಸೆಕೆಂಡು! ಬೇರೆ ಗಾಡಿ ಆಗಿದ್ರೆ ಮಗು ದಾರೀಲೇ ಹುಟ್ತಿತ್ತು” ಎಂದು ಶುರುಮಾಡಿದ್ದರು. ಈಗಲೂ ನಿಲ್ಲಿಸಿಲ್ಲ. ಲಿಫ್ಟಿನಲ್ಲಿ ಹೊಸಬರು ಸಿಕ್ಕರೆ ಸಾಕು, ಪುಟ್ಟಿಯ ತಲೆಯ ಮೇಲೆ ಕೈಯಿಟ್ಟು, “ಇವಳು ಇವತ್ತು ಇಲ್ಲಿ ನಿಂತಿದಾಳೆ ಅಂದ್ರೆ...” ಎಂದು ಮೂರನೇ ಮಹಡಿ ಬರುವವರೆಗೆ ಹೇಳುತ್ತಾರೆ. ನಡುವೆ ಯಾರಾದರೂ ಮಾತು ಬದಲಿಸಲು ನೋಡಿದರೂ ಪ್ರಯೋಜನವಿಲ್ಲ. ಅವರ ಎಡಗಿವಿಗೆ ಕೇಳಿಸುವುದಿಲ್ಲ, ಬಲಗಿವಿ ಕೇಳಿಸಿಕೊಳ್ಳುವುದಿಲ್ಲ.

ಮೇಷ್ಟ್ರು ಅದೇ ವರ್ಷ ಒಂದು ಹಳೇ ಕಾರು ಕೊಂಡರು. ಹನ್ನೆರಡು ವರ್ಷ ಮಾತು ಉಳಿಸಿಕೊಂಡರು.

ಆ ಭಾನುವಾರ ಪುಟ್ಟಿಗೆ ಈಜಿನ ಫೈನಲ್. ನಾಲ್ಕು ಗಂಟೆಗೆ, ಊರಿನ ಆ ತುದಿಯ ಈಜುಕೊಳದಲ್ಲಿ. ಮೂರೂ ಮುಕ್ಕಾಲಿಗೇ ಹೆಸರು ಕೂಗುತ್ತಾರೆ. ಓ ಅನ್ನದವರು ಹೊರಗೆ. ಬೆಳಿಗ್ಗೆ ಕಾರು ಒರೆಸಲು ಕೆಳಗಿಳಿದ ಮೇಷ್ಟ್ರಿಗೆ ವೈಪರಿಗೆ ಸಿಕ್ಕಿಸಿದ್ದ ಚೀಟಿ ಕಂಡಿತು. “ತಮ್ಮ ಜಾಗದ ನೆಲದ ಮೇಲೆ ಗ್ರೀಸು ಹನಿಗಳು: ಹದಿನಾಲ್ಕು. ತಕ್ಷಣ ಕ್ರಮ ಕೈಗೊಳ್ಳುವುದು. ಇಂತಿ, ಕಾರ್ಯದರ್ಶಿ.”

ಬಗ್ಗಿ ನೋಡಿದರು. ಹೊಸ ಬಣ್ಣ ಬಳಿದ ನೆಲದ ಮೇಲೆ ಕಪ್ಪು ಹನಿಗಳಿದ್ದವು. ಎಣಿಸಿದರು. ಹದಿನಾಲ್ಕೇ.

“ಎಣಿಸಬೇಡಿ, ನಾನು ಎಣಿಸಿದೀನಿ,” ಎಂದು ಹಿಂದಿನಿಂದ ದನಿ ಬಂತು. ಇನ್ಸ್‌ಪೆಕ್ಟರು ಟಾರ್ಚ್ ಹಿಡಿದು ನಿಂತಿದ್ದರು. “ದಿನಾ ತರಕಾರಿ ಚೀಲ ಇಳಿಸೋವಾಗ ನೋಡ್ತೀನಲ್ಲ. ದಿನಕ್ಕೆ ಎರಡು ಹನಿ, ತಪ್ಪಿದ್ದಲ್ಲ. ನಿಮ್ಮ ಕಾರಿನ ಬೂಟು ಹರಿದಿದೆ ಮೇಷ್ಟ್ರೇ.”

“ಬೂಟು?”

“ಚಕ್ರ ತಿರುಗಿಸೋ ದಂಡ ಇದೆಯಲ್ಲ, ಅದರ ತುದೀಲಿ ಒಂದು ಕೀಲು. ಆ ಕೀಲಿಗೆ ಹಾಕಿರೋ ರಬ್ಬರ್ ಚೀಲ. ಒಳಗೆ ಗ್ರೀಸು ಇರುತ್ತೆ. ಹರೀತು ಅಂದ್ರೆ ಗ್ರೀಸು ಹೊರಗೆ, ಮಣ್ಣು ಒಳಗೆ. ಆಮೇಲೆ ಕೀಲು ತೇದು ತೇದು ತಿರುವಿನಲ್ಲಿ ಟಕ್ ಟಕ್ ಅನ್ನುತ್ತೆ. ಆಮೇಲೆ ಒಂದಿನ ಟಪ್.”

“ಆದ್ರೆ ನಮ್ಮ ಕಾರು ಸದ್ದೇ ಮಾಡಲ್ವಲ್ಲ?”

“ಅದೇ ಅಪಾಯ! ಸದ್ದು ಬಂದ್ಮೇಲೆ ಕೀಲು ಹೋಯ್ತು ಅಂತ ಲೆಕ್ಕ. ಸದ್ದಿಲ್ದೆ ಇರೋವಾಗ್ಲೇ ಬೂಟು ಬದಲಾಯಿಸ್ಬೇಕು.”

ಮೇಷ್ಟ್ರಿಗೆ ಗೊಂದಲವಾಯಿತು. ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿದೆ ಎಂದು ಮೂವತ್ತು ವರ್ಷದಿಂದ ಪಾಠ ಮಾಡಿದವರಿಗೆ ಸ್ವಂತ ಕಾರಿನ ಅಕ್ಷ ಯಾವುದೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಓಡಾಡಿಕೊಂಡು ಬಂದರು. ವಿಷಯ ಕೇಳಿ ನಾಲಿಗೆ ಲೊಚಗುಟ್ಟಿದರು.

“ಮಗೂನ ಕರ್ಕೊಂಡು ಹೊರಟು ದಾರಿ ಮಧ್ಯೆ ಕಳಚಿದ್ರೆ? ಫೈನಲ್ ಹೋದ ಹಾಗೇ. ಇವತ್ತೇ ಕಿತ್ತು ಹಾಕಿ ಸ್ವಾಮಿ, ನೋವು ಶುರುವಾಗೋ ತನಕ ಕಾಯ್ಬೇಡಿ.”

ಭಾನುವಾರ ಗ್ಯಾರೇಜುಗಳಿಗೆ ಬೀಗ. ಬಿಡಿಭಾಗದ ಅಂಗಡಿ ಮಾತ್ರ ಹತ್ತರವರೆಗೆ ತೆರೆದಿರುತ್ತದೆ. ಮೇಷ್ಟ್ರು ಓಡಿದರು.

“ಒಳಗಿನ ಬೂಟೋ ಹೊರಗಿನ ಬೂಟೋ?” ಎಂದು ಅಂಗಡಿಯವನು ಕೇಳಿದ.

“ಹೊರಗಡೆಯೇ ಗ್ರೀಸು ಬಿದ್ದಿರೋದು,” ಎಂದರು ಮೇಷ್ಟ್ರು. ಅಂಗಡಿಯವನು ಅವರ ಮುಖವನ್ನೊಮ್ಮೆ ನೋಡಿ ಹೊರಗಿನದನ್ನೇ ಕೊಟ್ಟ. ಕುಲುಮೆಯ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿದ್ದ ಕಪ್ಪು ರಬ್ಬರು, ಬಿಗಿಯಲು ಎರಡು ಲೋಹದ ಪಟ್ಟಿ, ಒಂದು ಪೊಟ್ಟಣ ಗ್ರೀಸು, ಕೀಲನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ಸ್ಪ್ರಿಂಗ್ ಉಂಗುರ, ಇರುವೆ ಸಾಲಿನಂಥ ಅಕ್ಷರದ ಒಂದು ಸೂಚನಾ ಚೀಟಿ.

ಹತ್ತೂವರೆಗೆ ಜ್ಯಾಕ್ ಏರಿಸಿ ಚಕ್ರ ಬಿಚ್ಚಿದರು. ಇನ್ಸ್‌ಪೆಕ್ಟರು ಕುರ್ಚಿ ತರಿಸಿಕೊಂಡು ಕೂತು ಚೀಟಿ ಓದತೊಡಗಿದರು.

“ಒಂದು. ಹಳೇ ಬೂಟನ್ನು ಚಾಕುವಿನಿಂದ ಕತ್ತರಿಸಿ ತೆಗೆಯುವುದು.”

ಮೇಷ್ಟ್ರು ಕಾರಿನಡಿ ತಲೆ ತೂರಿಸಿ, ಕತ್ತಲಲ್ಲಿ ತಡವರಿಸಿ, ಚಾಕು ಎಳೆದರು. ಗ್ರೀಸು ಬುಳಕ್ಕನೆ ಮುಂಗೈವರೆಗೆ ಸುರಿಯಿತು.

“ನೋಡಿದ್ರಾ! ಗ್ರೀಸು!” ಎಂದು ಇನ್ಸ್‌ಪೆಕ್ಟರು ಕೂಗಿದರು. “ನಾನು ಹೇಳ್ಲಿಲ್ವಾ?”

ಮೇಷ್ಟ್ರು ಬೂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮತ್ತೆ ತಿರುಗಿಸಿದರು. “ನಾನು ಕತ್ತರಿಸಿದ್ದು ಒಂದು ಕಡೆ ಕಾಣ್ತಿದೆ. ಮೊದಲೇ ಹರಿದಿದ್ದು ಎಲ್ಲಿ?”

“ಹರಿದಿದ್ದ ಜಾಗದಲ್ಲೇ ನೀವು ಕತ್ತರಿಸಿದೀರಿ.”

“ಅಷ್ಟು ಕರಾರುವಾಕ್ಕಾಗಿ?”

“ಕೈಗುಣ,” ಎಂದರು ಡಾಕ್ಟರು ಮೆಚ್ಚಿ.

ಮೇಷ್ಟ್ರಿಗೆ ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ. ಕೀಲನ್ನು ಸುತ್ತಿಗೆಯಿಂದ ಬಡಿದು ದಂಡದಿಂದ ಕಳಚಿದರು, ಸೀಮೆಎಣ್ಣೆಯಲ್ಲಿ ತೊಳೆದರು, ಹೊಸ ಗ್ರೀಸು ತುಂಬಿದರು, ಉಂಗುರ ಕೂರಿಸಿ ಕೀಲನ್ನು ಮತ್ತೆ ದಂಡಕ್ಕೆ ಬಡಿದರು. ಠಣ್! ಕಚ್ಚಿಕೊಂಡಿತು. ಗಂಟೆ ಒಂದಾಗಿತ್ತು. ಹೆಂಡತಿ ನಿಂಬೆಹಣ್ಣಿನ ಪಾನಕ ಹಿಡಿದು ಬಂದಳು. ಡಾಕ್ಟರು ಚಪ್ಪಾಳೆ ತಟ್ಟಿದರು.

“ಅಪ್ಪ,” ಎಂದಳು ಪುಟ್ಟಿ, “ಅದು ಯಾತಕ್ಕೆ?”

ಸಲಕರಣೆ ಪೆಟ್ಟಿಗೆಯ ಮೇಲೆ ಹೊಸ ಬೂಟು, ಮದುವೆಗೆ ಬಂದೂ ಊಟಕ್ಕೆ ಯಾರೂ ಕರೆಯದ ನೆಂಟನ ಹಾಗೆ, ಸುಮ್ಮನೆ ಕೂತಿತ್ತು.

ಇನ್ಸ್‌ಪೆಕ್ಟರು ಚೀಟಿ ಮಗುಚಿದರು. “ಓ. ಮೂರನೇ ಅಂಶ ಹಿಂದುಗಡೆ ಇದೆ. ಮೊದಲು ಬೂಟನ್ನು ದಂಡಕ್ಕೆ ತೂರಿಸಿ, ಆಮೇಲೆ ಕೀಲು ಹೊಡೆಯತಕ್ಕದ್ದು.”

“ನೀವು ಓದ್ಲಿಲ್ವಲ್ಲ!”

“ನೀವು ಮೇಷ್ಟ್ರು. ಪುಟ ತಿರುವಬೇಕು ಅಂತ ನಾನು ಹೇಳಿಕೊಡ್ಬೇಕಾ?”

ಮತ್ತೆ ಬಿಚ್ಚಲು ಕೂತರು. ಈ ಸಲ ಕೀಲು ಹಠ ಹಿಡಿಯಿತು. ಬಡಿದರೂ ಬರಲಿಲ್ಲ, ಬೈದರೂ ಬರಲಿಲ್ಲ. ಕೊನೆಗೆ ಡಾಕ್ಟರು ತೋಳು ಮಡಿಸಿ, “ಸರೀರಿ, ಇದು ಬುದ್ಧಿಹಲ್ಲು. ಎಳೀಬಾರದು, ಅಲ್ಲಾಡಿಸ್ಬೇಕು,” ಎಂದು ಕೀಲನ್ನು ಅತ್ತ ಇತ್ತ ಜಗ್ಗಿ, ಅಭ್ಯಾಸಬಲದಿಂದ “ಬಾಯಿ ದೊಡ್ಡದಾಗಿ ತೆಗೀರಿ” ಎಂದರು. ಮೇಷ್ಟ್ರು ಬಾಯಿ ತೆಗೆದರು. ಕೀಲು ಕಳಚಿತು. ಅದರೊಟ್ಟಿಗೆ ಸ್ಪ್ರಿಂಗ್ ಉಂಗುರ ಟಿಂಗ್ ಎಂದು ಹಾರಿ ಮಾಯವಾಯಿತು.

“ನುಂಗಿದ್ರಾ?” ಎಂದು ಗಾಬರಿಯಿಂದ ಕೇಳಿದರು ಡಾಕ್ಟರು.

“ಇಲ್ಲ ಅನ್ಸುತ್ತೆ,” ಎಂದರು ಮೇಷ್ಟ್ರು. ಅವರಿಗೆ ಈಗ ಯಾವುದರ ಬಗ್ಗೆಯೂ ಖಾತ್ರಿಯಿರಲಿಲ್ಲ.

ಒಂದೂವರೆ ಗಂಟೆ ಹೊತ್ತು ಐದೂ ಜನ ನೆಲ ಕೆರೆದರು. ಚರಂಡಿಯ ಜಾಲರಿ ಎತ್ತಿದರು. ಡಾಕ್ಟರು ಪುಟ್ಟ ಕನ್ನಡಿ ತಂದು ಕಾರಿನಡಿಯ ಸಂದುಗೊಂದುಗಳನ್ನೆಲ್ಲ ಪರೀಕ್ಷಿಸಿದರು. ಅಂಗಡಿ ಮುಚ್ಚಿತ್ತು, ಹೆಬ್ಬೆರಳ ಉಗುರಿನಷ್ಟು ಉಂಗುರವಿಲ್ಲದೆ ಕೀಲು ನಿಲ್ಲುವಂತಿರಲಿಲ್ಲ. ಮೂರೂ ಹತ್ತಕ್ಕೆ ಕಾರು ಇನ್ನೂ ಮೂರು ಚಕ್ರದ ಮೇಲೆ, ಕಾಲು ಮುರಿದ ಹಸುವಿನ ಹಾಗೆ ನಿಂತಿತ್ತು. ಟ್ಯಾಕ್ಸಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಕಾಯಿರಿ ಅಂದರು. ಪುಟ್ಟಿ ಈಜಿನ ಚೀಲ ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅದನ್ನೇ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. ಜೇಬಿನಿಂದ ಕೀಲಿಕೈ ತೆಗೆದು ಬೆರಳಲ್ಲಿ ತಿರುಗಿಸಿದರು. “ನನ್ನ ಕಾರು ಇದೆಯಲ್ಲ ಮೇಷ್ಟ್ರೇ. ಅವತ್ತೂ ಇತ್ತು. ಇವತ್ತೂ ಇದೆ.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

“ನನ್ನನ್ನೇನು ನೋಡ್ತೀರಿ?” ಎಂದಳು ಅವಳು. “ಹತ್ತಿ. ನಿಮ್ಮ ಮಾತಿಗಿಂತ ಅವಳ ಫೈನಲ್ ದೊಡ್ಡದು.”

ಹತ್ತಿದರು. ಗ್ರೀಸು ಮೆತ್ತಿಕೊಂಡಿದ್ದ ಮೇಷ್ಟ್ರು ಸೀಟಿಗೆ ಬೆನ್ನು ತಾಗಬಾರದೆಂದು ಹಳೇ ಪೇಪರು ಹಾಸಿಕೊಂಡು, ಶಾಲೆಯ ಮೊದಲ ದಿನದ ಹುಡುಗನ ಹಾಗೆ ನೆಟ್ಟಗೆ ಕೂತರು. ಇನ್ಸ್‌ಪೆಕ್ಟರು ಗೇಟು ದಾಟುವ ಮೊದಲೇ ಗಡಿಯಾರ ನೋಡಿ, “ಅವತ್ತು ಹನ್ನೊಂದು ನಿಮಿಷ ನಲವತ್ತು ಸೆಕೆಂಡು...” ಎಂದು ಶುರುಮಾಡಿದರು.

ಮೊದಲ ವೃತ್ತದಲ್ಲಿ ಕಾರು ತಿರುಗಿತು. ಟಕ್ ಟಕ್ ಟಕ್ ಟಕ್.

ಮೇಷ್ಟ್ರು ಕಿವಿ ನಿಮಿರಿಸಿದರು. “ಏನೋ ಸದ್ದು ಬರ್ತಿದೆ.”

“ಏನು?”

“ಸದ್ದು! ತಿರುವಿನಲ್ಲಿ!”

“ಮೂರೂವರೆಗೇ ತಲುಪಿಸ್ತೀನಿ, ಹೆದರಬೇಡಿ.”

ಎರಡನೇ ತಿರುವು. ಟಕಟಕಟಕಟಕ. ಮೂರನೆಯದರಲ್ಲಿ ಕೆಳಗೆ ಟಪ್ ಎಂದು ಏನೋ ಮುರಿಯಿತು. ಇಂಜಿನ್ನು ಗುಡುಗಿತು, ಕಾರು ಮಾತ್ರ ಕದಲಲಿಲ್ಲ.

ಮೇಷ್ಟ್ರು ಇಳಿದು, ರಸ್ತೆಯ ಮೇಲೆ ಅಂಗಾತ ಮಲಗಿ, ಇನ್ಸ್‌ಪೆಕ್ಟರ ಟಾರ್ಚಿನಿಂದಲೇ ಮುಂದಿನ ಚಕ್ರದ ಹಿಂದೆ ಬೆಳಕು ಬಿಟ್ಟರು. ಬೂಟು ಉದ್ದಕ್ಕೂ ಹರಿದು ಬಾಯಿ ಬಿಟ್ಟಿತ್ತು. ಸುತ್ತಲೂ ಕಪ್ಪು ಗ್ರೀಸು. ಅವರ ಕಣ್ಣೆದುರೇ ಒಂದು ಹನಿ ತೊಟ್ಟಿಕ್ಕಿತು.

“ನಿಮ್ಮ ಕಾರಿಗೆ ಇದ್ದಿದ್ದು ನನ್ನ ಕಾರಿಗೂ ಅಂಟಿಕೊಳ್ತಾ?” ಎಂದರು ಇನ್ಸ್‌ಪೆಕ್ಟರು ದಿಗ್ಭ್ರಮೆಯಿಂದ.

ಪುಟ್ಟಿ ಹುಬ್ಬು ಗಂಟಿಕ್ಕಿದಳು. “ಅಂಕಲ್, ದಿನಾ ಅಪ್ಪ ಕಾರು ತಗೊಂಡು ಹೊರಗೆ ಹೋದ್ಮೇಲೆ, ಲಿಫ್ಟ್ ಹತ್ರ ಅಂತ ನೀವು ತರಕಾರಿ ಚೀಲ ಇಳಿಸೋದು ನಮ್ಮ ಜಾಗದಲ್ಲಿ ಕಾರು ನಿಲ್ಲಿಸೇ ಅಲ್ವಾ?”

ಇನ್ಸ್‌ಪೆಕ್ಟರ ಎರಡು ಕಿವಿಗೂ ಅದು ಕೇಳಿಸಿತು. ಬೆರಳು ಮಡಿಸಿ ಎಣಿಸಿದರು. ದಿನಕ್ಕೆ ಎರಡು ಹನಿ. ಬಣ್ಣ ಒಣಗಿ ವಾರವಾಯಿತು. ಏಳೆರಡಲ ಹದಿನಾಲ್ಕು.

“ಲೆಕ್ಕ ಸರಿಯಾಗೇ ಇತ್ತು,” ಎಂದರು ಮೆಲ್ಲಗೆ.

ಮೇಷ್ಟ್ರಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಎರಡಕ್ಕೂ ಸಮಯವಿರಲಿಲ್ಲ. ಈಜುಕೊಳ ಇನ್ನೂ ಮುಕ್ಕಾಲು ಕಿಲೋಮೀಟರು. ಮೂವರೂ ಓಡಿದರು. ಪುಟ್ಟಿ ಮುಂದೆ, ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ನಡುವೆ, ಮೇಷ್ಟ್ರು ಬೆನ್ನಿಗಂಟಿದ ಪೇಪರು ಪಟಪಟಿಸುತ್ತ ಹಿಂದೆ. ಹೆಸರು ಕೂಗಿದಾಗ ಪುಟ್ಟಿ ಬಾಗಿಲಲ್ಲಿದ್ದಳು. “ಓ!” ಅಂದಳು.

ಗೆದ್ದಳು ಕೂಡ. ಒದ್ದೆ ತಲೆಯಲ್ಲಿ ಬಂದು ಅಪ್ಪನನ್ನು ತಬ್ಬಿಕೊಂಡವಳ ಬೆರಳಿಗೆ ಏನೋ ಚುಚ್ಚಿತು. “ಅಪ್ಪ, ಕಾಲರಿನ ಹಿಂದೆ ಇದೇನು ಗ್ರೀಸಲ್ಲಿ ಅಂಟಿರೋದು?”

ಸ್ಪ್ರಿಂಗ್ ಉಂಗುರ.

ಮುಂದಿನ ಭಾನುವಾರ ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿತ್ತು. “ಕಾರ್ಯದರ್ಶಿಯವರ ಕಾರಿನ ಕೀಲನ್ನೂ ಬೂಟನ್ನೂ, ಅನುಭವವಿರುವ ಕಾರಣ, ಮೇಷ್ಟ್ರು ಬದಲಾಯಿಸಿಕೊಡುವರು. ನಿವಾಸಿಗಳು ಸಹಕರಿಸುವುದು.” ಕಾರಿನಡಿ ಮಲಗಿದ್ದ ಮೇಷ್ಟ್ರಿಗೆ ಮೇಲಿನಿಂದ ಇನ್ಸ್‌ಪೆಕ್ಟರ ದನಿ ಕೇಳುತ್ತಿತ್ತು. ಹೊಸಬರು ಯಾರೋ ಸಿಕ್ಕಿದ್ದರು.

“ಇವಳು ಹುಟ್ಟಿದ್ದೂ ನನ್ನ ಕಾರಿಂದ, ಗೆದ್ದಿದ್ದೂ ನನ್ನ ಕಾರಿಂದ. ಸರಿಯಾದ ಜಾಗದಲ್ಲಿ ಇಳಿಸಿ, ಮುಕ್ಕಾಲು ಕಿಲೋಮೀಟರು ಓಡಿಸಿ, ಮೈ ಬಿಸಿ ಮಾಡಿಸಿದ್ದು ಯಾರು?”

ಮೇಷ್ಟ್ರು ಈ ಸಲ ಮೊದಲು ಬೂಟು ತೂರಿಸಿದರು, ಆಮೇಲೆ ಕೀಲು ಹೊಡೆದರು. ಹನ್ನೆರಡು ವರ್ಷದ ಹಿಂದೆ ಹೆಂಡತಿಗೆ ಕೊಟ್ಟ ಮಾತು ಮುರಿದಿತ್ತು.