ಐವತ್ತೆರಡು ಜೊತೆ ಕಣ್ಣು

ನಂಜನಗೂಡಿನ ಬಸ್ಸುಗಳಿಗೆ ಬೋರ್ಡು ಬರೆಯುವವರಿಗೆ ಅಕ್ಷರ ಬರೆಯುವುದೇ ಗೊತ್ತಿಲ್ಲ ಎಂದು ಅಮೃತೇಶ್ ಆ ಬೆಳಿಗ್ಗೆ ತೀರ್ಮಾನಿಸಿದ. ಇಲ್ಲದಿದ್ದರೆ ಹೆಮ್ಮರಗಾಲದ ಬಸ್ಸೆಂದು ಹತ್ತಿ ಕೂತವನು, ಆಗಷ್ಟೇ ಬಿಟ್ಟು ಬಂದಿದ್ದ ತನ್ನ ತಿ. ನರಸೀಪುರದ ಕಡೆಗೇ ವಾಪಸ್ ಹೊರಡುತ್ತಿದ್ದನೇ? ಕಂಡಕ್ಟರು ಟಿಕೆಟ್ ಕೇಳಿದಾಗ ವಿಷಯ ಬಯಲಾಯಿತು.

"ಬೋರ್ಡು ನೋಡ್ಕಂಡು ಅತ್ತಬಾರ್ದಾ ಸಾ?"

"ನೋಡೇ ಹತ್ತಿದ್ದು ಕಣ್ರೀ. ಮೊದ್ಲು ದಪ್ಪಕ್ಕೆ ಬರೀರಿ," ಎಂದು ಅವನನ್ನೇ ಗದರಿಸಿ ಇಳಿದ. ತಪ್ಪು ತನ್ನದೂ ಇರಬಹುದು ಎಂಬ ಅನುಮಾನ ಅಮೃತೇಶನ ತಲೆಗೆ ಹುಟ್ಟಿದಾಗಿನಿಂದ ಹೊಕ್ಕಿದ್ದಿಲ್ಲ.

ಅವನು ನರ್ಸು. ನರಸೀಪುರದ ನರ್ಸಿಂಗ್ ಹೋಮೊಂದರಲ್ಲಿ ಐದು ವರ್ಷ ಡ್ರಿಪ್ ಏರಿಸಿ ಸಾಕಾಗಿ, ಶಾಲಾ ನರ್ಸಿನ ವಿಶೇಷ ತರಬೇತಿಗೆ ಸೇರಿದ್ದ. ಅಂದು ಕೊನೆಯ ಪ್ರಾಕ್ಟಿಕಲ್. ಹಳ್ಳಿ ಶಾಲೆಯ ಮಕ್ಕಳ ಕಣ್ಣು ಪರೀಕ್ಷಿಸಿ, ದೃಷ್ಟಿ ಮಂದವಾದ ಒಂದು ಮಗುವನ್ನಾದರೂ ಗುರುತಿಸಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡಬೇಕು. ಮಧ್ಯಾಹ್ನ ಮೂರಕ್ಕೆ ತರಬೇತಿಯ ಸುಚೇತಾ ಮೇಡಂ ಬಂದು ನೋಡುತ್ತಾರೆ. ಚೀಟಿ ಇದ್ದರೆ ಪಾಸು. ಇಲ್ಲದಿದ್ದರೆ ಮುಂದಿನ ಬ್ಯಾಚಿನ ಜೊತೆ ಇನ್ನಾರು ತಿಂಗಳು. ಐವತ್ತು ಮಕ್ಕಳಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆಂದು ಅವನಿಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ.

ಹೆಮ್ಮರಗಾಲಕ್ಕೆ ಮುಂಚೆ ಸಿಗುವ ಆ ಪುಟ್ಟ ಊರಿಗೆ, ಟೆಂಪೋದಲ್ಲಿ ಟೊಮೇಟೊ ಕ್ರೇಟುಗಳ ಮೇಲೆ ಕೂತು ಬಂದು ತಲುಪಿದಾಗ ಹನ್ನೊಂದು. ಶಾಲೆಯ ಗೇಟಿನಲ್ಲೇ ನಿಂತು, ಜಗಲಿ ಮೇಲಿದ್ದ ಹೆಡ್‌ಮಾಸ್ತರಿಗೆ ಬೆನ್ನು ಬಗ್ಗಿಸಿ "ನಮಸ್ಕಾರ ಸಾರ್" ಎಂದ. ಅದು ಹೋಗಿ ಮುಟ್ಟಿದ್ದು ತಲೆಗೆ ಟವೆಲ್ ಸುತ್ತಿಕೊಂಡು ಸಾರು ತಿರುವುತ್ತಿದ್ದ ಬಿಸಿಯೂಟದ ಪುಟ್ಟಬಸಮ್ಮನಿಗೆ. ಹೆಡ್‌ಮಾಸ್ತರು ಗಂಗಾಧರಸ್ವಾಮಿ ಪಕ್ಕದಲ್ಲಿ ನಿಂತು ಉಪ್ಪು ನೋಡುತ್ತಿದ್ದರು.

"ಬನ್ನಿ ಬನ್ನಿ, ಸಿಸ್ಟರ್ ಸಾ," ಎಂದರು ಅವರು. ಗಂಡು ನರ್ಸನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಊರಿಗೆ ಊರೇ ಒಪ್ಪಿಕೊಂಡಿದ್ದ ಹೆಸರು ಅದು.

ಹದಿನೈದು ದಿನದ ಹಿಂದೆ ಬಂದಿದ್ದಾಗ, ಮತ್ತೆ ಹೊತ್ತು ತಿರುಗುವುದೇಕೆಂದು, ಅಮೃತೇಶನೇ ಕಣ್ಣಿನ ಚಾರ್ಟನ್ನು ತರಗತಿಯ ಗೋಡೆಗೆ ತೂಗುಹಾಕಿ ಹೋಗಿದ್ದ. ಮೇಲೆ ದೊಡ್ಡ ಅಕ್ಷರ, ಕೆಳಕೆಳಗೆ ಚಿಕ್ಕದು, ಕೊನೆಯ ಸಾಲು ಸಾಸಿವೆಯಷ್ಟು. ಇಪ್ಪತ್ತು ಅಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೋಲು ಹಿಡಿದು ಚಾರ್ಟಿನ ಪಕ್ಕ ನಿಂತ.

ಮೊದಲ ಮಗು ಗೆರೆಯ ಮೇಲೆ ನಿಂತು, "ತ ಪ ಲ, ನ ಮ ರ" ಎಂದು ಕೊನೆಯ ಸಾಲನ್ನೂ ಮಗ್ಗಿಯ ರಾಗದಲ್ಲಿ ಮುಗಿಸಿತು. "ಭೇಷ್!" ಎಂದ ಅಮೃತೇಶ್. ಎರಡನೆಯದೂ ಭೇಷ್, ಹತ್ತನೆಯದೂ ಭೇಷ್. ಇಪ್ಪತ್ತು ದಾಟುವಾಗ ಭೇಷ್ ಎನ್ನುವ ದನಿ ಸಣ್ಣಗಾಯಿತು. ನಲವತ್ತು ದಾಟಿದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಪುಟ್ಟಬಸಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಯಾರೂ ಸಿಕ್ನಿಲ್ವಾ? ನಂಗೆ ಅಕ್ಕೀಲಿ ಕಲ್ಲೇ ಕಾಣಾಕಿಲ್ಲ. ನನ್ನೇ ಬರ್ಕೊಳಪ್ಪ."

"ದೊಡ್ಡೋರು ಲೆಕ್ಕಕ್ಕಿಲ್ಲ ಕಣಮ್ಮಾ. ಸ್ಕೂಲ್ ಮಕ್ಕಳೇ ಆಗ್ಬೇಕು."

ಕಲ್ಲಿನ ಮಾತು ಕೇಳಿ ಹೆಡ್‌ಮಾಸ್ತರು ಮೆಲ್ಲಗೆ ದವಡೆ ಮುಟ್ಟಿ ನೋಡಿಕೊಂಡರು.

ಐವತ್ತೆರಡನೆಯವಳು, ಎರಡನೇ ಕ್ಲಾಸಿನ ಮಾನ್ಯಾ, ಗೆರೆಗೆ ಬಂದು ನಿಲ್ಲುವಷ್ಟರಲ್ಲಿ ಮೊಳೆ ಕಿತ್ತು ಚಾರ್ಟು ಕೆಳಗೆ ಬಿತ್ತು. ಅಮೃತೇಶ್ ಬಗ್ಗಿ ಎತ್ತಿಕೊಳ್ಳುವುದರೊಳಗೆ ಅವಳು ಮೇಲಿನಿಂದ ಕೆಳಗಿನವರೆಗೂ ಒಪ್ಪಿಸಿಯಾಗಿತ್ತು.

"ಚಾರ್ಟೇ ಬಿದ್ದೋಗಿದೆಯಲ್ಲ ಪುಟ್ಟಿ, ಹೇಗೆ ಓದ್ದೆ?"

"ಇರ್ಲಿ ಬುಡಿ ಸಿಸ್ಟರ್ ಸಾ. ಬೇಕಾದ್ರೆ ಕೆಳ್ಗಿಂದ ಮೇಲಕ್ಕೂ ಯೋಳ್ತೀನಿ."

ಅಮೃತೇಶ್ ಹೆಡ್‌ಮಾಸ್ತರ ಕಡೆ ತಿರುಗಿದ. ಅವರ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಪರೀಕ್ಷೆ ಅಂದೋರು ನೀವೇ. ಕ್ವಶ್ಚನ್ ಪೇಪರ್ ನೇತಾಕ್ಬುಟ್ಟು ಓಗಿದ್ದೋರೂ ನೀವೇ. ದಿನಾ ಪ್ರಾರ್ಥನೆ ಆದ್ಮೇಲೆ ಅತ್ತು ಸತಿ ಬಾಯಿಪಾಠ ಮಾಡಿಸ್ದೆ. ನಮ್ ಸ್ಕೂಲಲ್ಲಿ ಯಾವ್ ಪರೀಕ್ಷೇಲೂ ಒಬ್ರೂ ಫೇಲಾಗಕಿಲ್ಲ ಸಾ!"

ಅಮೃತೇಶ್ ಹಣೆ ಹಣೆ ಚಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಸುಚೇತಾ ಮೇಡಂ ಜೀಪು ಬಂದು ನಿಂತಿತು. ಎಲ್ಲ ಕೇಳಿಸಿಕೊಂಡು ಮೇಡಂ ನಗಲೂ ಇಲ್ಲ, ಬೈಯಲೂ ಇಲ್ಲ. ಬ್ಯಾಗಿನಿಂದ ಹೊಸ ಚಾರ್ಟು ತೆಗೆದು ಗೋಡೆಗೆ ಹಾಕಿಸಿದರು.

"ಇದರಲ್ಲಿ ಅಕ್ಷರ ಬೇರೆ ಇದೆ. ಎಲ್ಲಾ ಮೊದಲಿಂದ ಮಾಡಿ."

ಅಮೃತೇಶನಿಗೆ ಹೋದ ಜೀವ ಬಂದಂತಾಯಿತು. ಈಗ ಒಂದು ಮಗು ಎಲ್ಲಿಗೆ ತಪ್ಪಿಸಿಕೊಂಡೀತು? ಆದರೆ ಮಕ್ಕಳು ಗೆರೆಯ ಹತ್ತಿರ ಸುಳಿಯಲೂ ಹೆದರಿ ಒಬ್ಬರ ಹಿಂದೆ ಒಬ್ಬರು ಅವಿತುಕೊಂಡರು.

"ಇದನ್ನ ಪಾಠ ಮಾಡಿಲ್ಲ ಮೇಡಂ!" ಎಂದು ಹೆಡ್‌ಮಾಸ್ತರು ಗೋಗರೆದರು.

"ಇದು ಪಾಠ ಅಲ್ಲ ಸರ್, ಕಂಡಿದ್ದನ್ನ ಹೇಳೋದು ಅಷ್ಟೇ. ಅಮೃತೇಶ್, ಒಂದ್ಸಲ ನೀವೇ ನಿಂತು ಮಕ್ಕಳಿಗೆ ತೋರ್ಸಿ."

ಅದೇನು ಮಹಾ ಎಂದು ಅಮೃತೇಶ್ ಗೆರೆಯ ಮೇಲೆ ನಿಂತ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ. ಎರಡನೇ ಸಾಲಿನಿಂದ ಕೆಳಗೆ ಎಲ್ಲವೂ ನಂಜನಗೂಡಿನ ಬಸ್ಸಿನ ಬೋರ್ಡಿನಂತೆಯೇ ಇತ್ತು. ಹಾಗೆಂದು ಹಿಂಜರಿಯುವ ಪೈಕಿಯೇ ಅವನು? ತರಬೇತಿಯುದ್ದಕ್ಕೂ ಕೋಲಿನಿಂದ ತೋರಿಸಿದ ಅಕ್ಷರಗಳು ತಾವಾಗಿಯೇ ಬಾಯಿಗೆ ಬಂದವು.

"ತ ಪ ಲ, ನ ಮ ರ!"

ಮಾನ್ಯಾ ಅವನ ಅಂಗಿ ಎಳೆದು, ಪಾಪ, ಮೆಲ್ಲಗೇ ಹೇಳಿದಳು: "ಸಿಸ್ಟರ್ ಸಾ, ಅದು ಹಳೇ ಪಾಠ."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮೇಡಂ ಅವನನ್ನು ಒಂದೊಂದೇ ಹೆಜ್ಜೆ ಮುಂದೆ ನಡೆಸಿದರು. ಎಂಟು ಅಡಿಗೆ ಬಂದ ಮೇಲೆ ಕೊನೆಯ ಸಾಲು ಕಂಡಿತು. ಅವನ ಅವಸ್ಥೆ ನೋಡಿ ಮಕ್ಕಳಿಗೆ ಎಲ್ಲಿಲ್ಲದ ಧೈರ್ಯ ಬಂದು, ಒಬ್ಬೊಬ್ಬರಾಗಿ ಗೆರೆಗೆ ನಿಂತರು. ರಾಗವಿಲ್ಲದೆ, ತಡವರಿಸಿಕೊಂಡು, ಐವತ್ತೆರಡು ಮಕ್ಕಳೂ ಕೊನೆಯ ಸಾಲನ್ನು ಸರಿಯಾಗಿಯೇ ಓದಿದರು. ಅವರ ಕಣ್ಣುಗಳು ನಿಜಕ್ಕೂ ಚೆನ್ನಾಗಿದ್ದವು.

ಮೇಡಂ ಚೀಟಿ ಬರೆದು ಅಮೃತೇಶನ ಕೈಗಿತ್ತರು. ಅದರಲ್ಲಿ ಅವನದೇ ಹೆಸರಿತ್ತು.

"ಕೇಸು ಸಿಕ್ತಲ್ಲ ಮೇಡಂ, ಹಾಗಾದ್ರೆ ನಾನು ಪಾಸಾ?" ಎಂದ, ಆಸೆ ಬಿಡದೆ.

ಮೇಡಂ ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಪುಟ್ಟಬಸಮ್ಮ ಉತ್ತರ ಕೊಟ್ಟಳು. "ದೊಡ್ಡೋರು ಲೆಕ್ಕಕ್ಕಿಲ್ಲ ಅಂತ ನೀನೇ ಯೋಳ್ದೆಲ್ಲಪ್ಪಾ!"

"ಮುಂದಿನ ಬ್ಯಾಚು ಸೋಮವಾರ ಶುರು. ಕನ್ನಡಕ ಹಾಕ್ಕೊಂಡು ಬನ್ನಿ," ಎಂದು ಹೇಳಿ ಮೇಡಂ ಜೀಪು ಹತ್ತಿದರು.

ಚೀಟಿ ಹಿಡಿದು ನಿಂತವನ ಹೆಗಲ ಮೇಲೆ ಗಂಗಾಧರಸ್ವಾಮಿ ಕೈಯಿಟ್ಟರು. ಅವರಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತ್ತು.

"ಯೋಚ್ನೆ ಮಾಡ್ಬೇಡಿ ಸಿಸ್ಟರ್ ಸಾ. ಮೇಡಂ ಒಸಾ ಚಾರ್ಟ್ ಇಲ್ಲೇ ಬುಟ್ಟೋಗವ್ರೆ. ನಾಳೆ ಪ್ರಾರ್ಥನೆ ಒತ್ಗೆ ಬಂದ್ಬುಡಿ. ಮಕ್ಕಳ ಜೊತೆ ನಿಮ್ಗೂ ಬಾಯಿಪಾಠ ಮಾಡಿಸ್ಬುಡ್ತೀನಿ."